ಪಾದರಸದ ಆವಿ, ನೇರಳಾತೀತ ಕಿರಣ: ಎರಡು ಅಗೋಚರ ಅಪಾಯಗಳ ಇತಿಹಾಸ

ಚುರುಕಾದ ಮನುಷ್ಯನನ್ನು ಪಾದರಸಕ್ಕೆ ಹೋಲಿಸುವುದು ಕನ್ನಡ ನುಡಿಯ ವಾಡಿಕೆ. ಒಂದೆಡೆ ನಿಲ್ಲದ, ಕೈಗೆ ಸಿಕ್ಕದ, ನೆಲಕ್ಕೆ ಬಿದ್ದರೆ ಮುತ್ತುಗಳಂತೆ ಚೆದರಿ ಓಡುವ ಈ ಲೋಹವನ್ನು ಒಮ್ಮೆ ಕಂಡವರಿಗೆ ಹೋಲಿಕೆಯ ಔಚಿತ್ಯವು ಕೂಡಲೆ ಮನದಟ್ಟಾಗುವುದು. ಆದರೆ ಈ ಹೋಲಿಕೆಯು ಪಾದರಸದ ಕಾಣುವ ಚಲನೆಯನ್ನು ಮಾತ್ರ ಹಿಡಿದಿರುವುದು. ಅದಕ್ಕೆ ಕಾಣದ ಚಲನೆಯೂ ಒಂದುಂಟು. ವಾಗ್ಭಟನ ಹೆಸರಿನಲ್ಲಿ ಪ್ರಸಿದ್ಧವಾಗಿರುವ, ಸುಮಾರು ೧೩-೧೪ನೆಯ ಶತಮಾನಗಳದೆಂದು ವಿದ್ವಾಂಸರು ಎಣಿಸುವ 'ರಸರತ್ನಸಮುಚ್ಚಯ'ವು ಪಾರದಕ್ಕೆ ಐದು ಗತಿಗಳನ್ನು ಹೇಳುತ್ತದೆ. ನೀರಿನಂತೆ ಹರಿಯುವುದು, ಹಂಸದಂತೆ ಸಾಗುವುದು, ಮಲದೊಡನೆ ಹೋಗುವುದು, ಹೊಗೆಯೊಡನೆ ಏಳುವುದು ಎಂಬ ನಾಲ್ಕು ಕಣ್ಣಿಗೆ ಗೋಚರವಾದವು, ಐದನೆಯದು ಜೀವಗತಿ, ಅದು ದೇಹವನ್ನು ಬಿಟ್ಟುಹೋಗುವ ಜೀವದಂತೆ ಯಾರಿಗೂ ಕಾಣದೆ ಆಗತಕ್ಕದ್ದು. ಅದೇ ಗ್ರಂಥವು ಪಾರದಕ್ಕೆ ವಿಷ, ವಹ್ನಿ, ಮಲ ಎಂಬ ಮೂರು ಸಹಜ ದೋಷಗಳನ್ನು ಎಣಿಸಿ, ಅವುಗಳಿಂದ ಮರಣ, ಸಂತಾಪ, ಮೂರ್ಛೆಗಳು ಒದಗುವುವೆಂದು ಎಚ್ಚರಿಸಿದೆ. ರಸಸಿದ್ಧರಿಗೆ ಈ ಐದನೆಯ ಗತಿಯು ಮುಖ್ಯವಾಗಿ ದ್ರವ್ಯನಷ್ಟದ ಚಿಂತೆಯಾಗಿತ್ತು: ಕಾಣದೆ ಹೊರಟುಹೋದ ರಸವನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಹಾಗೆ ಹೊರಟ ರಸವು ಎಲ್ಲಿಗೆ ಸೇರುವುದೆಂಬ ಪ್ರಶ್ನೆಗೆ ಪೂರ್ಣವಾದ ಉತ್ತರ ದೊರೆಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಪಾದರಸದ ಆವಿಯಂತೆಯೇ ಕಣ್ಣಿಗೆ ಕಾಣದ ಮತ್ತೊಂದು ವಸ್ತು ನೇರಳಾತೀತ ಕಿರಣ. ಇವೆರಡೂ ಒಂದೇ ಗಾಜಿನ ಕೊಳವೆಯಲ್ಲಿ ಕೂಡಿದುದು ಪಾದರಸದ ದೀಪದಲ್ಲಿ. ಆ ದೀಪವು ಪ್ರಯೋಗಶಾಲೆಯಿಂದ ಆಸ್ಪತ್ರೆಗೂ, ಆಸ್ಪತ್ರೆಯಿಂದ ಬೀದಿಗೂ, ಕೊನೆಗೆ ಮನೆಯಲ್ಲಿ ಪ್ರಯೋಗ ನಡೆಸುವ ಹವ್ಯಾಸಿಯ ಮೇಜಿಗೂ ಬಂದಿತು. ಇದರ ಇತಿಹಾಸವನ್ನು ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುವುದು. ಅಪಾಯದ ಅರಿವು ಯಾವ ಕಾಲದಲ್ಲಿಯೂ ಸರ್ವಥಾ ಇಲ್ಲದಿರಲಿಲ್ಲ. ಅದು ಒಂದು ವರ್ಗದವರ ಬಳಿ ಇದ್ದು, ಅದು ಬೇಕಾಗಿದ್ದ ಮತ್ತೊಂದು ವರ್ಗಕ್ಕೆ ತಲಪುತ್ತಿರಲಿಲ್ಲ. ಕೇಡು ನಡೆದುದೆಲ್ಲ ಈ ಅಂತರದಲ್ಲಿಯೇ.

೧

ಪಾದರಸದ ವಿಷವನ್ನು ಮೊದಲು ಅರಿತವರು ಅದರ ಗಣಿಗಳಲ್ಲಿ ದುಡಿದವರು. ಸ್ಪೇನಿನ ಅಲ್ಮಡೇನ್ ಮತ್ತು ಈಗಿನ ಸ್ಲೊವೇನಿಯದ ಇದ್ರಿಯ ಇವೆರಡೂ ಐರೋಪ್ಯ ಪಾದರಸದ ಮುಖ್ಯ ಆಕರಗಳು. ಅಲ್ಲಿ ಇಂಗಲೀಕದ ಅದಿರನ್ನು ಅಗೆದು ಸುಟ್ಟು ಪಾದರಸವನ್ನು ಇಳಿಸುತ್ತಿದ್ದರು. ಕೈಕಾಲುಗಳ ನಡುಕ, ಬಾಯಿಯಲ್ಲಿ ಎಡೆಬಿಡದೆ ಸುರಿಯುವ ಜೊಲ್ಲು, ಒಸಡಿನ ಹುಣ್ಣು, ಹಲ್ಲುಗಳ ಉದುರುವಿಕೆ, ಮನಸ್ಸಿನ ಅಂಜಿಕೆ ಇವು ಆ ಕೆಲಸಗಾರರ ಪಾಲಿನ ಸಾಮಾನ್ಯ ರೋಗಗಳು. ೧೬೬೫ರಲ್ಲಿ ಇದ್ರಿಯದ ಗಣಿಗಾರರ ದುಡಿಮೆಯನ್ನು ದಿನಕ್ಕೆ ಆರು ಗಂಟೆಗಳಿಗೆ ಇಳಿಸಿದರು. ಗಣಿಗಾರರ ರೋಗಗಳನ್ನು ಕುರಿತು ಪ್ಯಾರಸೆಲ್ಸಸನು ಬರೆದ ಗ್ರಂಥವು ಅವನು ಗತಿಸಿದ ಮೇಲೆ ೧೫೬೭ರಲ್ಲಿ ಪ್ರಕಟವಾಯಿತು. ೧೭೦೦ರಲ್ಲಿ ಇಟಲಿಯ ಮೊದೆನಾ ನಗರದ ವೈದ್ಯ ಬರ್ನಾರ್ದಿನೊ ರಾಮಾತ್ಸಿನಿಯು ಕಸುಬುಗಾರರ ವ್ಯಾಧಿಗಳನ್ನು ವಿವರಿಸುವ ತನ್ನ ಪ್ರಸಿದ್ಧ ಗ್ರಂಥದಲ್ಲಿ ಚಿನ್ನದ ಲೇಪ ಹಾಕುವವರನ್ನೂ ಕನ್ನಡಿ ಮಾಡುವವರನ್ನೂ ಸೇರಿಸಿದನು. ಚಿನ್ನವನ್ನು ಪಾದರಸದಲ್ಲಿ ಕಲಸಿ, ಲೋಹದ ಮೇಲೆ ಬಳಿದು, ಕಾಯಿಸಿ, ಪಾದರಸವನ್ನು ಹಾರಿಸಿಬಿಡುವುದು ಲೇಪದ ಕ್ರಮ. ಹಾರಿದ ಪಾದರಸವು ಲೇಪಗಾರನ ಎದೆಯನ್ನು ಸೇರುತ್ತಿತ್ತು.

ಇಷ್ಟು ತಿಳಿದಿದ್ದರೂ ಪಂಡಿತರಲ್ಲಿ ಒಂದು ನಂಬಿಕೆ ಬೇರೂರಿತ್ತು. ವಿಷವೆಲ್ಲ ಬೆಂಕಿಯಲ್ಲಿ ಕಾಯ್ದ ಪಾದರಸದ್ದು. ಬಟ್ಟಲಿನಲ್ಲಿ ತಣ್ಣಗೆ ಹೊಳೆಯುವ ಪಾದರಸವು ನಿರಪಾಯವಾದುದು ಎಂಬುದೇ ಆ ನಂಬಿಕೆ. ಅದಕ್ಕೆ ಆಧಾರವೂ ಇಲ್ಲದಿರಲಿಲ್ಲ. ಮಲಬದ್ಧತೆಗೆ ಪಾದರಸವನ್ನು ಕುಡಿಸುವ ಚಿಕಿತ್ಸೆ ಯೂರೋಪಿನಲ್ಲಿತ್ತು. ಕುಡಿದವರಲ್ಲಿ ಬಹುಮಂದಿ ಯಾವ ಕೇಡೂ ಇಲ್ಲದೆ ಅದನ್ನು ಹಾಗೆಯೇ ವಿಸರ್ಜಿಸುತ್ತಿದ್ದರು. ಇದಕ್ಕೆ ಕಾರಣವು ಈಗ ಸ್ಪಷ್ಟವಾಗಿರುವುದು. ದ್ರವರೂಪದ ಪಾದರಸವನ್ನು ಕರುಳು ಬಹು ಸ್ವಲ್ಪ ಮಾತ್ರವೇ ಹೀರಿಕೊಳ್ಳುತ್ತದೆ. ಆದರೆ ಉಸಿರಿನೊಡನೆ ಒಳಗೆ ಹೋದ ಆವಿಯಲ್ಲಿ ನೂರಕ್ಕೆ ಸುಮಾರು ೮೦ ಪಾಲು ದೇಹದಲ್ಲಿಯೇ ಉಳಿದು, ರಕ್ತದ ಮೂಲಕ ಮಿದುಳನ್ನೂ ಮೂತ್ರಪಿಂಡಗಳನ್ನೂ ಸೇರುವುದು. ಹೊಟ್ಟೆಗೆ ನಿರಪಾಯವಾದುದು ಉಸಿರಿಗೂ ನಿರಪಾಯವೆಂದು ತಿಳಿದುದೇ ಪ್ರಮಾದಕ್ಕೆ ಮೂಲವಾಯಿತು.

ಈ ನಂಬಿಕೆಯನ್ನು ಅಲುಗಿಸಬಲ್ಲ ಘಟನೆಯೊಂದು ೧೮೧೦ರಲ್ಲಿ ನಡೆಯಿತು. ಸ್ಪೇನಿನ ಕಾದಿಜ್ ರೇವಿನ ಬಳಿ ಪಾದರಸವನ್ನು ತುಂಬಿದ್ದ ಹಡಗೊಂದು ಒಡೆಯಿತು. 'ಟ್ರಯಂಫ್' ಎಂಬ ಬ್ರಿಟಿಷ್ ಯುದ್ಧನೌಕೆಯವರು ಅದರಲ್ಲಿದ್ದ ಪಾದರಸವನ್ನು ತಮ್ಮ ಹಡಗಿಗೆ ಸಾಗಿಸಿಕೊಂಡರು. ಪಾದರಸವಿದ್ದ ತೊಗಲಿನ ಚೀಲಗಳು ಉಪ್ಪುನೀರಿನಲ್ಲಿ ನೆನೆದು ಕೊಳೆತಿದ್ದುದರಿಂದ ಒಡೆದವು. ಪಾದರಸವು ಹಲಗೆಗಳ ಸಂದುಗಳಲ್ಲೆಲ್ಲ ಹರಿದು ಸೇರಿತು. ಕೆಲವೇ ವಾರಗಳಲ್ಲಿ ಸುಮಾರು ೨೦೦ ಮಂದಿ ನಾವಿಕರಿಗೆ ಜೊಲ್ಲು ಸುರಿಯತೊಡಗಿ, ಬಾಯಿ ಹುಣ್ಣಾಗಿ, ಅಂಗಗಳು ಸ್ವಾಧೀನ ತಪ್ಪಿದವು. ಹಡಗಿನಲ್ಲಿದ್ದ ಇಲಿಗಳೂ ಸಾಕಿದ ಪಕ್ಷಿಯೂ ಸತ್ತವು. ಕೆಲವರು ನಾವಿಕರೂ ಮಡಿದರು. ಯಾರೂ ಪಾದರಸವನ್ನು ಕಾಯಿಸಿರಲಿಲ್ಲ. ವಿಲಿಯಂ ಬರ್ನೆಟ್ ಎಂಬ ನೌಕಾವೈದ್ಯನು ಈ ವೃತ್ತಾಂತವನ್ನು ೧೮೨೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು.

ಇದಕ್ಕೆ ಎರಡು ವರ್ಷ ಮೊದಲೇ, ೧೮೨೧ರಲ್ಲಿ, ಮೈಕೆಲ್ ಫ್ಯಾರಡೆಯು ಸರಳವಾದೊಂದು ಪರೀಕ್ಷೆಯಿಂದ ಅದೇ ತತ್ತ್ವವನ್ನು ತೋರಿಸಿದ್ದನು. ಸೀಸೆಯ ತಳದಲ್ಲಿ ಸ್ವಲ್ಪ ಪಾದರಸವನ್ನಿಟ್ಟು, ಬಿರಡೆಯ ಅಡಿಗೆ ಚಿನ್ನದ ರೇಕನ್ನು ಅಂಟಿಸಿ, ಸೀಸೆಯನ್ನು ತಂಪಾದ ಎಡೆಯಲ್ಲಿ ವಾರಗಟ್ಟಲೆ ಬಿಟ್ಟನು. ಎರಡಕ್ಕೂ ಸ್ಪರ್ಶವೇ ಇರಲಿಲ್ಲ. ಆದರೂ ರೇಕು ಬೆಳ್ಳಗಾಯಿತು. ಸಾಮಾನ್ಯ ಉಷ್ಣತೆಯಲ್ಲಿಯೂ ಪಾದರಸವು ಆವಿಯಾಗಿ ಏಳುತ್ತದೆಯೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ರಸಶಾಸ್ತ್ರವು ಹೇಳಿದ ಅದೃಶ್ಯಗತಿಯು ಇಲ್ಲಿ ಚಿನ್ನದ ಮೇಲೆ ತನ್ನ ಹೆಜ್ಜೆಯನ್ನು ಮೂಡಿಸಿತೆನ್ನಬಹುದು. ಆದರೆ ಫ್ಯಾರಡೆಯ ಶೋಧವು ಭೌತಶಾಸ್ತ್ರದ ಒಂದು ಸಂಗತಿಯಾಗಿ ಉಳಿಯಿತು. ಬರ್ನೆಟ್ಟನ ವರದಿಯು ವೈದ್ಯರ ಕುತೂಹಲಕ್ಕೆ ವಸ್ತುವಾಯಿತು. ಇವೆರಡನ್ನೂ ಒಟ್ಟಿಗಿಟ್ಟು, ಪಾದರಸವನ್ನು ತೆರೆದ ತೊಟ್ಟಿಯಲ್ಲಿಟ್ಟುಕೊಂಡು ದಿನವಿಡೀ ಕೆಲಸ ಮಾಡುತ್ತಿದ್ದ ಪ್ರಯೋಗಶಾಲೆಯ ಪಂಡಿತರ ಗತಿಯೇನೆಂದು ಶತಮಾನವೊಂದು ಕಳೆಯುವವರೆಗೂ ಗಟ್ಟಿಯಾಗಿ ಕೇಳಿದವರಿಲ್ಲ.

೨

ಪಂಡಿತರ ಕೊಠಡಿಗಳಲ್ಲಿ ಈ ವಿಷವು ಎಷ್ಟು ಕಾಲದಿಂದ ಕೆಲಸ ಮಾಡುತ್ತಿತ್ತೆಂಬುದು ಚರ್ಚೆಯ ವಿಷಯ. ಐಸಾಕ್ ನ್ಯೂಟನ್ನನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ತಾನು ವಾಸವಾಗಿದ್ದ ಎಡೆಯಲ್ಲಿಯೇ ರಸವಾದದ ಒಲೆಗಳನ್ನಿಟ್ಟುಕೊಂಡು ವರ್ಷಗಟ್ಟಲೆ ಪಾದರಸವನ್ನು ಕಾಯಿಸಿದವನು. ೧೬೯೩ರಲ್ಲಿ ಅವನಿಗೆ ನಿದ್ರೆ ತಪ್ಪಿ, ಮನಸ್ಸು ಕದಡಿ, ಆಪ್ತಮಿತ್ರರನ್ನೇ ಶಂಕಿಸಿ ಕಾಗದಗಳನ್ನು ಬರೆಯುವ ಸ್ಥಿತಿಯುಂಟಾಯಿತು. ಅವನದೆಂದು ಉಳಿದುಬಂದಿರುವ ಕೂದಲನ್ನು ಪರೀಕ್ಷಿಸಿದಾಗ ಅದರಲ್ಲಿ ಪಾದರಸವು ಮಿತಿಮೀರಿ ಇರುವುದೆಂದು ೧೯೭೯ರಲ್ಲಿ ಪ್ರಕಟವಾಯಿತು. ಆದರೆ ಈ ವಾದಕ್ಕೆ ಆಕ್ಷೇಪಗಳೂ ಉಂಟು. ಆ ಕಾಲದ ಅವನ ಕೈಬರಹದಲ್ಲಿ ನಡುಕದ ಗುರುತಿಲ್ಲ. ಹಲ್ಲುಗಳು ಮುದಿತನದವರೆಗೂ ಉಳಿದಿದ್ದವು. ಫ್ಯಾರಡೆಯು ನಡುವಯಸ್ಸಿನಲ್ಲಿ ಜ್ಞಾಪಕಶಕ್ತಿ ಕುಂದಿ ನರಳಿದುದಕ್ಕೂ ಪಾದರಸವೇ ಕಾರಣವೆಂದು ಊಹಿಸಿದವರಿದ್ದಾರೆ, ಅದೂ ಸಿದ್ಧಪಟ್ಟಿಲ್ಲ. ಹಳೆಯ ಮಹನೀಯರ ರೋಗಗಳನ್ನು ಕುರಿತ ಇಂತಹ ಊಹೆಗಳನ್ನು ಊಹೆಗಳೆಂದೇ ಗಣಿಸುವುದು ನ್ಯಾಯ.

ಊಹೆಗೆ ಎಡೆಯಿಲ್ಲದ ಪ್ರಮಾಣವು ಆಲ್ಫ್ರೆಡ್ ಸ್ಟಾಕ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನದು. ೧೮೭೬ರಲ್ಲಿ ಹುಟ್ಟಿದ ಈತನು ಬೋರಾನ್ ಮತ್ತು ಸಿಲಿಕಾನುಗಳ ಹೈಡ್ರೈಡುಗಳನ್ನು ಬೇರ್ಪಡಿಸಿ ಕೀರ್ತಿ ಪಡೆದವನು. ಆ ವಸ್ತುಗಳು ಗಾಳಿ ಸೋಕಿದರೆ ಹೊತ್ತಿಕೊಳ್ಳುವ ಸ್ವಭಾವದವಾದ್ದರಿಂದ ಅವನು ನಿರ್ವಾತದ ಗಾಜಿನ ಉಪಕರಣಗಳನ್ನು ರಚಿಸಿ, ಅವುಗಳಲ್ಲಿ ಪಾದರಸದ ಕವಾಟಗಳನ್ನೂ ಪಂಪುಗಳನ್ನೂ ಬಳಸಿದನು. ಕಾಲು ಶತಮಾನ ಕಾಲ ಅವನು ಪಾದರಸದ ನಡುವೆಯೇ ಬದುಕಿದನು. ಮೊದಲು ತಲೆನೋವು, ತಲೆಸುತ್ತು. ಬಳಿಕ ಆರದ ನೆಗಡಿ, ಒಸಡಿನ ರಕ್ತಸ್ರಾವ, ಹಲ್ಲುನೋವು. ಆಮೇಲೆ ಕೆಲಸದಲ್ಲಿ ಬೇಸರ, ಎಲ್ಲಕ್ಕಿಂತ ಕ್ರೂರವಾದ ಮರೆವು. ಆಗತಾನೆ ಓದಿದ ಪುಸ್ತಕದ ವಿಷಯವೂ ನೆನಪಿನಲ್ಲಿ ನಿಲ್ಲದಾಯಿತು. ವೈದ್ಯರು ಮೂಗಿಗೆ ಚಿಕಿತ್ಸೆಯ ಮೇಲೆ ಚಿಕಿತ್ಸೆಯನ್ನು ನಡೆಸಿದರು, ಪ್ರಯೋಜನವಾಗಲಿಲ್ಲ. ರೋಗವು ಅತಿಯಾದ ದುಡಿಮೆಯದೆಂದೇ ಎಲ್ಲರೂ ಬಗೆದರು. ೧೯೨೪ರ ಸುಮಾರಿಗೆ, ಅವನೊಡನೆ ಕೆಲಸ ಮಾಡುತ್ತಿದ್ದವರಲ್ಲಿಯೂ ಅದೇ ಲಕ್ಷಣಗಳು ಕಂಡುಬಂದ ಮೇಲೆ, ನಿಜವಾದ ಕಾರಣವು ಹೊರಬಿದ್ದಿತು. ಬರ್ಲಿನ್ನಿನ ಹೆಸರಾಂತ ವಿಷಶಾಸ್ತ್ರಜ್ಞ ಲೂಯಿ ಲೆವಿನ್ನನು ಇದು ಪಾದರಸದ ಕೆಲಸವೆಂದು ಗುರುತಿಸಿದನು.

ಇಲ್ಲಿಂದ ಮುಂದೆ ಸ್ಟಾಕನು ನಡೆದುಕೊಂಡ ರೀತಿಯೇ ಇತಿಹಾಸಕ್ಕೆ ಮುಖ್ಯವಾದುದು. ೧೯೨೬ರಲ್ಲಿ ಅವನು 'ಪಾದರಸದ ಆವಿಯ ಅಪಾಯಕರತೆ' ಎಂಬರ್ಥದ ಲೇಖನವನ್ನು ಜರ್ಮನಿಯ ರಸಾಯನಪತ್ರಿಕೆಯೊಂದರಲ್ಲಿ ಪ್ರಕಟಿಸಿ, ತನ್ನ ದೇಹ ಮನಸ್ಸುಗಳ ಕುಂದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದನು. ತನ್ನ ಮರೆವನ್ನು ತಾನೇ ಅಚ್ಚಿನಲ್ಲಿ ಒಪ್ಪಿಕೊಳ್ಳುವುದು ಪ್ರಾಧ್ಯಾಪಕನೊಬ್ಬನಿಗೆ ಸುಲಭದ ಕಾರ್ಯವಲ್ಲ. ಇತರರು ತನ್ನಂತೆ ಕೆಡಬಾರದೆಂಬುದೇ ಅವನ ಉದ್ದೇಶವಾಗಿತ್ತು. ಆ ಬಳಿಕ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಪಾದರಸವನ್ನೂ ಅಳೆಯುವ ವಿಧಾನಗಳನ್ನು ಕಂಡುಹಿಡಿದು, ಕಾರ್ಲ್ಸ್‌ರೂಹೆಯಲ್ಲಿ ಗಾಳಿ ಚೆನ್ನಾಗಿ ಆಡುವ ಹೊಸ ಪ್ರಯೋಗಶಾಲೆಯನ್ನು ಅಣಿಮಾಡಿಸಿದನು. ಗಣಿಗಾರನು ಶತಮಾನಗಳಿಂದ ಅರಿತಿದ್ದುದು ವಿದ್ವಾಂಸನ ಕೊಠಡಿಯನ್ನು ಪ್ರವೇಶಿಸಲು ಒಬ್ಬ ವಿದ್ವಾಂಸನ ಆರೋಗ್ಯವು ಬೆಲೆಯಾಗಿ ಸಲ್ಲಬೇಕಾಯಿತು. ಸ್ಟಾಕನು ೧೯೪೬ರಲ್ಲಿ ಗತಿಸಿದನು.

ಅವನ ಎಚ್ಚರಿಕೆಯ ತಿರುಳನ್ನು ಇಂದಿನ ಲೆಕ್ಕದಲ್ಲಿ ಹೀಗೆ ಹೇಳಬಹುದು. ೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಪಾದರಸದ ಆವಿಯಿಂದ ತಣಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು ೧೩ ಮಿಲಿಗ್ರಾಂ ಪಾದರಸವಿರುವುದು. ಕೆಲಸದ ಎಡೆಗಳಿಗೆ ಐರೋಪ್ಯ ಒಕ್ಕೂಟವು ವಿಧಿಸಿರುವ ಮಿತಿ ೦.೦೨ ಮಿಲಿಗ್ರಾಂ. ಎಂದರೆ ತಣಿದ ಗಾಳಿಯು ಮಿತಿಗಿಂತ ೬೦೦ ಮಡಿಗೂ ಹೆಚ್ಚು ವಿಷವುಳ್ಳದ್ದು. ಗಾಳಿಯಾಡುವ ಕೋಣೆಯಲ್ಲಿ ಆವಿಯು ಇಷ್ಟಕ್ಕೆ ಏರುವುದಿಲ್ಲ. ಆದರೆ ನೆಲದ ಬಿರುಕಿನಲ್ಲಿ ಅಡಗಿದ ಕೆಲವು ಹನಿಗಳು ಮಿತಿಯನ್ನು ದಾಟಿಸಲು ಸಾಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ.

೩

ಇನ್ನು ಕಿರಣದ ಇತಿಹಾಸ. ೧೮೦೧ರಲ್ಲಿ ಜರ್ಮನಿಯ ಯೇನಾದಲ್ಲಿ ಯೋಹಾನ್ ವಿಲ್ಹೆಲ್ಮ್ ರಿಟರ್ ಎಂಬ ತರುಣನು ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಬೆಳ್ಳಿಯ ಕ್ಲೋರೈಡನ್ನು ಅದರಡಿಯಲ್ಲಿ ಹಿಡಿದನು. ನೇರಳೆಯ ಅಂಚಿನಿಂದ ಆಚೆಗೆ, ಏನೂ ಕಾಣದ ಎಡೆಯಲ್ಲಿ, ಆ ವಸ್ತುವು ಎಲ್ಲಕ್ಕಿಂತ ಬೇಗನೆ ಕಪ್ಪಾಯಿತು. ಹೀಗೆ ನೇರಳಾತೀತ ಕಿರಣವು ತನ್ನ ಕೃತ್ಯದಿಂದಲೇ ಮೊದಲು ಗುರುತಿಸಲ್ಪಟ್ಟಿತು.

ಅದೇ ಕೃತ್ಯವು ಕಣ್ಣಿನ ಮೇಲೂ ನಡೆಯುವುದೆಂದು ತಿಳಿಯಲು ತಡವಾಯಿತು. ೧೮೪೩ರಲ್ಲಿ ಫ್ರಾನ್ಸಿನ ಫೂಕೋ ಎಂಬ ಭೌತಶಾಸ್ತ್ರಜ್ಞನು ವಿದ್ಯುತ್ತಿನ ಚಾಪದೀಪದೊಡನೆ ಕೆಲಸ ಮಾಡುವಾಗ ಕಣ್ಣಿಗಾಗುವ ಬಾಧೆಯನ್ನು ಗಮನಿಸಿದನು. ೧೮೫೮ರಲ್ಲಿ ಶಾರ್ಕೋ ಎಂಬ ಪ್ಯಾರಿಸಿನ ವೈದ್ಯನು, ಚಾಪದೀಪದ ಬಳಿ ನಿಂತ ಇಬ್ಬರು ರಸಾಯನಜ್ಞರಿಗೆ ಬಿಸಿ ತಗುಲದೆಯೇ ಚರ್ಮವು ಕೆಂಪೇರಿ ಕಣ್ಣು ನೊಂದುದನ್ನು ವರ್ಣಿಸಿ, ಶಾಖದ ಕಿರಣಗಳಲ್ಲ, ರಾಸಾಯನಿಕ ಕಿರಣಗಳೇ ಕಾರಣವೆಂದನು. ೧೮೮೯ರಲ್ಲಿ ಸ್ವೀಡನ್ನಿನ ವಿಡ್‌ಮಾರ್ಕನು ಕಿರಣಗಳನ್ನು ಬೇರ್ಪಡಿಸಿ ಪರೀಕ್ಷಿಸಿ ಈ ಮತವನ್ನು ದೃಢಪಡಿಸಿದನು. ೧೮೭೭ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಸೂರ್ಯನ ಬೆಳಕು ಕ್ರಿಮಿಗಳನ್ನು ಕೊಲ್ಲುವುದೆಂದು ತೋರಿಸಿದ್ದರು. ಕೋಪನ್‌ಹೇಗನ್ನಿನ ನೀಲ್ಸ್ ಫಿನ್ಸೆನ್ನನು ಚಾಪದೀಪದ ಕಿರಣಗಳಿಂದ ಚರ್ಮದ ಕ್ಷಯವನ್ನು ಗುಣಪಡಿಸಿ ೧೯೦೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಕ್ರಿಮಿಯನ್ನು ಕೊಲ್ಲುವ ಕಿರಣವು ಕಣ್ಣಿನ ಹೊರಪೊರೆಯ ಕಣಗಳನ್ನೂ ಕೊಲ್ಲುವುದು. ಗುಣವೂ ದೋಷವೂ ಒಂದೇ ಶಕ್ತಿಯ ಎರಡು ಹೆಸರುಗಳು.

ಪಾದರಸವು ಈ ಕಥೆಯೊಳಗೆ ಬರುವುದು ಇಲ್ಲಿಯೇ. ೧೯೦೧ರಲ್ಲಿ ಅಮೆರಿಕದ ಪೀಟರ್ ಕೂಪರ್ ಹ್ಯೂಯಿಟ್ಟನು ಪಾದರಸದ ಆವಿಯ ದೀಪವನ್ನು ಬಳಕೆಗೆ ತಂದನು. ಅದರ ಹಸುರು ನೀಲಿ ಬೆಳಕಿನಲ್ಲಿ ಕೆಂಪು ಇಲ್ಲವೇ ಇಲ್ಲವೆನ್ನುವಷ್ಟು ಕಡಮೆಯಾಗಿದ್ದುದರಿಂದ ಮನುಷ್ಯರ ಮುಖಗಳು ಹೆಣದಂತೆ ಕಾಣುತ್ತಿದ್ದವು. ಕೊಳವೆಯು ಸಾಮಾನ್ಯ ಗಾಜಿನದಾದ್ದರಿಂದ ತೀಕ್ಷ್ಣ ಕಿರಣಗಳು ಒಳಗೇ ತಡೆಯಲ್ಪಡುತ್ತಿದ್ದವು. ೧೯೦೪ರಲ್ಲಿ ಜರ್ಮನಿಯ ಹಾನೌ ಪಟ್ಟಣದ ರಿಕಾರ್ಡ್ ಕ್ಯೂಖನು ಬೆಣಚುಕಲ್ಲನ್ನು ಕರಗಿಸಿ ಮಾಡಿದ ಗಾಜಿನ ಕೊಳವೆಯನ್ನು ಉಪಯೋಗಿಸಿದನು. ಈ ಕ್ವಾರ್ಟ್ಸ್ ಗಾಜು ನೇರಳಾತೀತ ಕಿರಣಗಳಿಗೆ ಹೆಬ್ಬಾಗಿಲನ್ನೇ ತೆರೆಯಿತು. ಕಡಮೆ ಒತ್ತಡದ ಪಾದರಸದ ಆವಿಯು ಹೊರಸೂಸುವ ಮುಖ್ಯ ಕಿರಣದ ಅಲೆಯುದ್ದ ೨೫೩.೭ ನ್ಯಾನೊಮೀಟರ್. ಅದರ ಜೊತೆಗೆ ಬರುವ ೧೮೫ ನ್ಯಾನೊಮೀಟರಿನ ಕಿರಣವು ಗಾಳಿಯ ಆಮ್ಲಜನಕವನ್ನು ಓಜೋನ್ ಆಗಿ ಮಾರ್ಪಡಿಸಿ ಪುಪ್ಪುಸಗಳಿಗೂ ಬಾಧೆಯನ್ನು ತರುವುದು.

ಕಣ್ಣಿನ ರಕ್ಷಣೆಗೆ ಪ್ರಕೃತಿಯು ಕೊಟ್ಟಿರುವ ಉಪಾಯಗಳು ಈ ಕಿರಣದ ಮುಂದೆ ನಿಷ್ಫಲವಾಗುವುವು. ಪ್ರಖರವಾದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಆದರೆ ಕ್ರಿಮಿನಾಶಕ ದೀಪವು ಕಣ್ಣಿಗೆ ಮಂಕಾದ ತಿಳಿನೀಲಿಯ ಹೊಳಪಾಗಿ ಮಾತ್ರ ತೋರುವುದು. ನೋವೂ ಆಗಲೇ ಬರುವುದಿಲ್ಲ. ೬ರಿಂದ ೧೨ ಗಂಟೆಗಳ ಮೇಲೆ, ಬಹುಮಟ್ಟಿಗೆ ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಎರಚಿದಂತೆ ಉರಿಯುಂಟಾಗಿ ನೀರು ಸುರಿಯತೊಡಗುವುದು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇದು ವಾಸಿಯಾದರೂ, ಬಾರಿಬಾರಿಗೂ ಕಿರಣಕ್ಕೆ ಗುರಿಯಾದ ಚರ್ಮಕ್ಕೆ ಕ್ಯಾನ್ಸರಿನ ಭಯವುಂಟು. ೨೫೪ ನ್ಯಾನೊಮೀಟರಿನ ಕಿರಣಕ್ಕೆ ಅಂತರರಾಷ್ಟ್ರೀಯ ತಜ್ಞಮಂಡಲಿಯು ಸೂಚಿಸಿರುವ ದಿನದ ಮಿತಿ ಚದರ ಮೀಟರಿಗೆ ೬೦ ಜೌಲ್. ಚದರ ಮೀಟರಿಗೆ ೧ ವ್ಯಾಟ್ ಕಿರಣ ಬೀಳುವ ಎಡೆಯಲ್ಲಿ ಆ ಮಿತಿಯು ಒಂದೇ ನಿಮಿಷದಲ್ಲಿ ತೀರಿಹೋಗುವುದು.

೪

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾದರಸದ ದೀಪಗಳು ಬೀದಿಗಳಲ್ಲಿಯೂ ಆಟದ ಮನೆಗಳಲ್ಲಿಯೂ ಹರಡಿದವು. ಇವುಗಳಿಗೆ ಎರಡು ಚಿಪ್ಪುಗಳು: ಒಳಗೆ ಆವಿಯಿರುವ ಕ್ವಾರ್ಟ್ಸ್ ಕೊಳವೆ, ಹೊರಗೆ ಕಿರಣವನ್ನು ತಡೆಯುವ ಗಾಜಿನ ಬುರುಡೆ. ಹೊರಬುರುಡೆ ಒಡೆದರೂ ಒಳಕೊಳವೆಯು ಉರಿಯುತ್ತಲೇ ಇರಬಲ್ಲುದು. ಅಮೆರಿಕದ ಶಾಲೆಗಳ ವ್ಯಾಯಾಮಶಾಲೆಗಳಲ್ಲಿ ಚೆಂಡು ತಗುಲಿ ಬುರುಡೆಯೊಡೆದ ದೀಪಗಳ ಕೆಳಗೆ ಆಡಿದವರ ಕಣ್ಣು, ಚರ್ಮಗಳು ಬೆಂದವು. ಬುರುಡೆ ಒಡೆದರೆ ತಾನಾಗಿ ಆರುವ ದೀಪವನ್ನು ಮಾಡಬೇಕು, ಇಲ್ಲವೇ ದೀಪದ ಮೇಲೆ ಎಚ್ಚರಿಕೆಯನ್ನು ಅಚ್ಚುಹಾಕಬೇಕು ಎಂಬ ನಿಯಮವು ಅಲ್ಲಿ ೧೯೮೦ರಲ್ಲಿ ಜಾರಿಗೆ ಬಂದಿತು. ಆದರೆ ಕಾರ್ಖಾನೆಯವನಿಗೆ ಅನ್ವಯಿಸುವ ಈ ನಿಯಮವು ಹವ್ಯಾಸಿಯನ್ನು ಕಾಯಲಾರದು. ಅಗ್ಗವಾಗಿ ನೇರಳಾತೀತ ಕಿರಣವನ್ನು ಪಡೆಯಬೇಕೆಂಬ ಆಸೆಯಿಂದ, ಹೊಳೆಯುವ ಖನಿಜಗಳನ್ನು ನೋಡುವುದಕ್ಕೋ ವಿದ್ಯುನ್ಮಂಡಲದ ಫಲಕಗಳನ್ನು ಮುದ್ರಿಸುವುದಕ್ಕೋ, ಬೀದಿದೀಪದ ಹೊರಬುರುಡೆಯನ್ನು ಬೇಕೆಂದೇ ಒಡೆಯುವವನು ಅವನೇ. ಪ್ರಾಣರಕ್ಷಣೆಗೆಂದು ರಚಿತವಾದ ಭಾಗವು ಅವನಿಗೆ ಪ್ರಯೋಗದ ಅಡ್ಡಿಯಾಗಿ ಕಾಣುವುದು.

ಮನೆಯೊಳಗಿನ ಪಾದರಸವು ಎಲ್ಲಿಯವರೆಗೆ ಮುಟ್ಟಬಲ್ಲುದೆಂಬುದನ್ನು ೧೯೮೯ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದ ಲಿಂಕನ್ ಪಾರ್ಕಿನಲ್ಲಿ ನಡೆದ ದುರಂತವು ತೋರಿಸುತ್ತದೆ. ಹಲ್ಲಿಗೆ ತುಂಬುವ ಮಿಶ್ರಲೋಹದಿಂದ ಬೆಳ್ಳಿಯನ್ನು ಬೇರ್ಪಡಿಸಲು ಮನೆಯ ನೆಲಮಾಳಿಗೆಯಲ್ಲಿ ಅದನ್ನು ಕಾಯಿಸಲಾಯಿತು. ಆವಿಯು ಮನೆಯನ್ನೆಲ್ಲ ವ್ಯಾಪಿಸಿತು. ಅಲ್ಲಿ ವಾಸವಾಗಿದ್ದ ನಾಲ್ವರು ವಯಸ್ಕರೂ ಕೆಲವು ವಾರಗಳೊಳಗೆ ಮರಣ ಹೊಂದಿದರು. ರಾಮಾತ್ಸಿನಿಯು ೧೭೦೦ರಲ್ಲಿ ಬರೆದ ಲೇಪಗಾರರ ಕಥೆಯೇ ಸುಮಾರು ಮೂರು ಶತಮಾನಗಳ ಬಳಿಕ ಗೃಹಸ್ಥರ ಮನೆಯಲ್ಲಿ ಮರುಕಳಿಸಿತು. ೨೦೨೦ರ ಕೋವಿಡ್ ಪಿಡುಗಿನಲ್ಲಿ ಕ್ರಿಮಿನಾಶಕ ದೀಪಗಳನ್ನು ಮನೆಗೆ ತಂದವರಲ್ಲಿ ಕಣ್ಣು ಬೆಂದವರ ವೃತ್ತಾಂತಗಳು ವೈದ್ಯಪತ್ರಿಕೆಗಳಲ್ಲಿ ಬಂದವು; ಕೈಗಳನ್ನೂ ಚರ್ಮವನ್ನೂ ಇಂತಹ ದೀಪದಿಂದ ಶುದ್ಧಿಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಬೇಕಾಯಿತು.

ಈ ಇತಿಹಾಸದಿಂದ ಮನೆಯ ಪ್ರಯೋಗಶೀಲನಿಗೆ ಸಲ್ಲುವ ವಿಧಿನಿಷೇಧಗಳು ಹೆಚ್ಚಿಲ್ಲ. ಒಂದೊಂದರ ಹಿಂದೆಯೂ ಮೇಲೆ ಹೇಳಿದ ಒಂದೊಂದು ಅನುಭವವಿರುವುದು. ಪಾದರಸವನ್ನಾಗಲಿ ಅದು ಬೆರೆತ ಲೋಹವನ್ನಾಗಲಿ ಮನೆಯಲ್ಲಿ ಯಾವ ಕಾರಣಕ್ಕೂ ಕಾಯಿಸಬಾರದು. ತೆರೆದ ಪಾತ್ರೆಯಲ್ಲಿ ಅದನ್ನು ಇಡಬಾರದು. ಚೆಲ್ಲಿದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆದು, ಹನಿಗಳನ್ನು ಗಟ್ಟಿ ಕಾಗದದಿಂದ ಕೂಡಿಸಿ ಮುಚ್ಚಳವುಳ್ಳ ಸೀಸೆಗೆ ಸೇರಿಸಬೇಕು. ಪೊರಕೆಯು ಹನಿಯನ್ನು ಸಾವಿರ ಹನಿಗಳಾಗಿ ಒಡೆಯುವುದು. ಧೂಳು ಹೀರುವ ಯಂತ್ರವು ಅದನ್ನು ಆವಿಯಾಗಿಸಿ ಕೋಣೆಗೆಲ್ಲ ಹರಡುವುದು. ಆದುದರಿಂದ ಇವೆರಡೂ ವರ್ಜ್ಯ. ಹೊರಬುರುಡೆ ಇಲ್ಲದ ದೀಪವನ್ನು ಉರಿಸಲೇಬಾರದು. ಕ್ರಿಮಿನಾಶಕ ದೀಪವಾದರೆ ಕಿರಣವು ಹೊರಬೀಳದಂತೆ ಮುಚ್ಚಿದ ಪೆಟ್ಟಿಗೆಯೊಳಗಿದ್ದು, ಮುಚ್ಚಳವನ್ನು ತೆರೆದೊಡನೆ ವಿದ್ಯುತ್ತು ತಾನಾಗಿ ಕಡಿಯುವಂತಿರಬೇಕು. ನೇರಳಾತೀತ ಕಿರಣಕ್ಕೆಂದೇ ಮಾಡಿದ ಕನ್ನಡಕ, ಮುಖದ ಮರೆ, ಕೈಗವಸುಗಳು ಈ ಪೆಟ್ಟಿಗೆಗೆ ಸಹಾಯಕವೇ ಹೊರತು ಬದಲಿಯಲ್ಲ. ಓಜೋನಿನ ಕಟುವಾಸನೆ ಬಂದ ಕೋಣೆಯಿಂದ ಹೊರಟು ಗಾಳಿಯಾಡಲು ಬಿಡಬೇಕು. ಕಣ್ಣು ನೋಯುವವರೆಗೆ ಕಾದು ನೋಡುವುದು, ನಂಜೇರಿದ ಬಳಿಕ ಹಾವನ್ನು ಹುಡುಕಿದಂತೆ.

೨೦೧೩ರಲ್ಲಿ ಜಪಾನಿನಲ್ಲಿ ಅಂಗೀಕೃತವಾಗಿ ೨೦೧೭ರಲ್ಲಿ ಜಾರಿಗೆ ಬಂದ ಮಿನಮಾತಾ ಒಪ್ಪಂದಕ್ಕೆ ಭಾರತವು ೨೦೧೮ರಲ್ಲಿ ಸ್ಥಿರೀಕರಣವನ್ನು ನೀಡಿತು. ಅದರ ಮೇರೆಗೆ ಪಾದರಸದ ಉಷ್ಣಮಾಪಕಗಳೂ ದೀಪಗಳೂ ಕ್ರಮವಾಗಿ ಮಾರುಕಟ್ಟೆಯಿಂದ ಹಿಂದೆಗೆಯಲ್ಪಡುತ್ತಿವೆ. ಆದರೆ ತಯಾರಿಕೆ ನಿಂತ ವಸ್ತುವು ಮನೆಗಳ ಅಟ್ಟದಲ್ಲಿಯೂ ಗುಜರಿಯ ಅಂಗಡಿಯಲ್ಲಿಯೂ ಬಹುಕಾಲ ಉಳಿಯುವುದು. ಅದನ್ನು ಬಲ್ಲವರ ತಲೆಮಾರು ಕಳೆದು, ಹಳೆಯ ದೀಪವೊಂದು ಕುತೂಹಲಿಯಾದ ಹುಡುಗನ ಕೈಗೆ ಬರುವ ದಿನವೇ ಹೆಚ್ಚು ಭಯದ ದಿನ. ಗಣಿಗಾರನಿಂದ ವೈದ್ಯನಿಗೆ, ವೈದ್ಯನಿಂದ ಪಂಡಿತನಿಗೆ ಅರಿವು ದಾಟಲು ಶತಮಾನಗಳು ಹಿಡಿದವು. ಪಂಡಿತನಿಂದ ಆ ಹುಡುಗನಿಗೆ ಅದು ದಾಟುವುದು ಶಾಲೆಯ ಪಾಠದಿಂದ, ತಾಯ್ನುಡಿಯ ಪುಸ್ತಕದಿಂದ. ರಸಶಾಸ್ತ್ರಕಾರನು ಐದನೆಯ ಗತಿಯನ್ನು ಅದೃಶ್ಯವೆಂದು ಹೇಳಿದಾಗ ಅದಕ್ಕೊಂದು ಹೆಸರನ್ನಾದರೂ ಇಟ್ಟನು. ಕಣ್ಣಿಗೆ ಕಾಣದುದನ್ನು ಕಾಣುವಂತೆ ಮಾಡಲು ನುಡಿಗಿರುವ ಮೊದಲ ಸಾಧನವು ಹೆಸರೇ. ಆ ಹೆಸರಿನೊಡನೆ ಎಚ್ಚರವನ್ನೂ ಕಲಿಸುವುದು ಅಧ್ಯಾಪಕರ ಪಾಲಿಗೆ ಬಂದಿರುವ ಕೆಲಸವಾಗಿದೆ.